ಮುನ್ನೋಟದ ಕಿಂಡಿ: ಬೀಳುವ ಕಾಯಿಗಳ ಆಟದಲ್ಲಿ ಮುಂದಣ ಕಾಯಿಯ ಪ್ರದರ್ಶನ

೧

ಆಟಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಉಗಮ, ಪ್ರಸಾರ, ಸ್ವಾಮ್ಯ ಎಂಬ ಮೂರು ವಿಷಯಗಳಿಗೆ ಹೆಚ್ಚಿನ ಗಮನ ಕೊಡುತ್ತಾರೆ. ಆಟದ ಕಟ್ಟಳೆಗಳೊಳಗೆ ಒಂದೊಂದೂ ಯಾವಾಗ ಹುಟ್ಟಿತು, ಏಕೆ ಬದಲಾಯಿತು, ಆ ಬದಲಾವಣೆಯಿಂದ ಆಡುವವನ ಮನೋವ್ಯಾಪಾರದಲ್ಲಿ ಏನು ವ್ಯತ್ಯಾಸವುಂಟಾಯಿತು ಎಂಬ ವಿಚಾರ ಹಿಂದೆ ಬೀಳುತ್ತದೆ. ಟೆಟ್ರಿಸ್ ಎಂಬ ಗಣಕಯಂತ್ರದ ಆಟದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅದರ ಹಕ್ಕುಗಳಿಗಾಗಿ ನಡೆದ ವ್ಯಾಜ್ಯಗಳ ಕಥೆ ಗ್ರಂಥಗಳಲ್ಲಿ ನಿರೂಪಿತವಾಗಿದೆ. ೨೦೨೩ರಲ್ಲಿ ಚಲಚ್ಚಿತ್ರವಾಗಿಯೂ ಬಂದಿತು. ಆದರೆ ಆಟದ ಮಣೆಯ ಪಕ್ಕದಲ್ಲಿ, ಮುಂದೆ ಬೀಳಲಿರುವ ಕಾಯಿ ಯಾವುದೆಂದು ತೋರಿಸುವ ಸಣ್ಣ ಚೌಕವೊಂದಿದೆಯಷ್ಟೆ. ಅದರ ಚರಿತ್ರೆಯನ್ನು ಪ್ರತ್ಯೇಕವಾಗಿ ವಿಚಾರಮಾಡಿದವರು ವಿರಳ. ಈ ಚೌಕವನ್ನು ಇಲ್ಲಿ ‘ಮುನ್ನೋಟದ ಕಿಂಡಿ’ ಎಂದು ಕರೆಯಲಾಗಿದೆ.

ಈ ಕಿಂಡಿಯ ಸ್ವರೂಪವನ್ನು ಕುರಿತು ಮೂರು ಬಗೆಯ ಅಭಿಪ್ರಾಯಗಳು ಚರಿತ್ರೆಯಲ್ಲಿ ಕಂಡುಬರುತ್ತವೆ. ಅದು ಆಡುವವನಿಗೆ ಕೊಡುವ ಸಹಾಯ, ಆದುದರಿಂದ ಅದಕ್ಕೆ ಬೆಲೆ ತೆರಬೇಕು ಎಂಬುದು ಒಂದು. ಅದು ಆಟದ ಹೊರಮೈಗೆ ಸೇರಿದ ಅಭಿವ್ಯಕ್ತಿ, ಆಟದ ನಿಯಮಗಳಿಗೆ ಸೇರಿದುದಲ್ಲ ಎಂಬುದು ಇನ್ನೊಂದು. ಅದು ಆಟದ ನಿಯಮವೇ ಆಗಿದೆ ಎಂಬುದು ಮೂರನೆಯದು. ಲಭ್ಯವಿರುವ ಆವೃತ್ತಿಗಳ ಆಧಾರದಿಂದ ಈ ಮೂರನ್ನೂ ಪರಿಶೀಲಿಸಿ, ಮೂರನೆಯದೇ ಚರಿತ್ರೆಗೆ ಹೆಚ್ಚು ಸಮ್ಮತವಾದುದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಆಟದ ಸ್ವರೂಪವನ್ನು ಸಂಗ್ರಹವಾಗಿ ಹೇಳಬೇಕು. ಮಣೆಯ ಅಗಲ ೧೦ ಮನೆ, ಎತ್ತರ ೨೦ ಮನೆ. ನಾಲ್ಕು ನಾಲ್ಕು ಚೌಕಗಳು ಒಂದಕ್ಕೊಂದು ಅಂಟಿಕೊಂಡು ಆದ ಕಾಯಿಗಳು ಒಂದಾದಮೇಲೊಂದರಂತೆ ಮೇಲಿಂದ ಇಳಿಯುತ್ತವೆ. ಆಡುವವನು ಅವುಗಳನ್ನು ಎಡಬಲಕ್ಕೆ ಸರಿಸಬಹುದು, ತಿರುಗಿಸಬಹುದು. ಮೇಲಕ್ಕೆ ಎತ್ತುವಂತಿಲ್ಲ, ಬೇಡವೆನ್ನುವಂತಿಲ್ಲ. ಅಡ್ಡಸಾಲೊಂದು ಸಂಪೂರ್ಣವಾಗಿ ತುಂಬಿದರೆ ಅದು ಮಾಯವಾಗುತ್ತದೆ. ರಾಶಿ ಮೇಲಿನ ಅಂಚನ್ನು ಮುಟ್ಟಿದರೆ ಆಟ ಮುಗಿಯಿತು. ನಾಲ್ಕು ಚೌಕಗಳನ್ನು ಜೋಡಿಸಿ ಮಾಡಬಹುದಾದ ಆಕೃತಿಗಳು ಏಳು. ರೋಮನ್ ಅಕ್ಷರಗಳ ಹೋಲಿಕೆಯಿಂದ ಅವುಗಳಿಗೆ ಐ, ಓ, ಟಿ, ಎಸ್, ಝಡ್, ಜೆ, ಎಲ್ ಎಂಬ ಹೆಸರುಗಳು ರೂಢಿಗೆ ಬಂದಿವೆ.

ಇಂತಹ ಆಕೃತಿಗಳ ಗಣಿತವಿಚಾರ ಆಟಕ್ಕಿಂತ ಹಳೆಯದು. ಅಮೆರಿಕದ ಗಣಿತಜ್ಞ ಸಾಲೊಮನ್ ಗೊಲೊಂಬ್ ೧೯೫೩ರಲ್ಲಿ ಇವುಗಳನ್ನು ಕುರಿತು ಉಪನ್ಯಾಸ ಮಾಡಿ, ೧೯೬೫ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಐದು ಚೌಕಗಳ ಆಕೃತಿಗಳು ಹನ್ನೆರಡು. ಅವನ್ನು ಪೆಟ್ಟಿಗೆಯಲ್ಲಿ ಬಿಗಿಯಾಗಿ ಜೋಡಿಸುವ ಮರದ ಒಗಟು ಪ್ರಚಾರದಲ್ಲಿತ್ತು. ಮಾಸ್ಕೋ ನಗರದ ವಿಜ್ಞಾನ ಅಕಾಡೆಮಿಗೆ ಸೇರಿದ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸೈ ಪಜಿತ್ನೊವ್ ಈ ಒಗಟಿನಿಂದ ಪ್ರೇರಿತನಾಗಿ, ಐದರ ಬದಲು ನಾಲ್ಕು ಚೌಕಗಳನ್ನು ಇಟ್ಟುಕೊಂಡು, ೧೯೮೪ರಲ್ಲಿ ಎಲೆಕ್ಟ್ರೊನಿಕಾ-೬೦ ಎಂಬ ಯಂತ್ರದಲ್ಲಿ ಟೆಟ್ರಿಸ್ ಆಟವನ್ನು ರಚಿಸಿದನು.

ಒಗಟಿಗೂ ಆಟಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಮರದ ಒಗಟಿನಲ್ಲಿ ಹನ್ನೆರಡು ತುಂಡುಗಳೂ ಮೊದಲೇ ಮೇಜಿನ ಮೇಲೆ ಇರುತ್ತವೆ. ಯಾವುದನ್ನು ಮೊದಲು ಎತ್ತಬೇಕು, ಯಾವುದನ್ನು ಕೊನೆಗೆ ಇರಿಸಬೇಕು ಎಂಬುದು ಜೋಡಿಸುವವನ ಇಚ್ಛೆ. ತಪ್ಪಿದರೆ ಕಿತ್ತು ಮತ್ತೆ ಇಡಬಹುದು. ಪಜಿತ್ನೊವ್ ಈ ಮೂರು ಸ್ವಾತಂತ್ರ್ಯಗಳನ್ನೂ ತೆಗೆದುಹಾಕಿದನು. ಕಾಯಿಗಳ ಕ್ರಮ ಯಂತ್ರದ ವಶವಾಯಿತು. ಇಟ್ಟುದು ಇಟ್ಟಂತೆಯೇ ನಿಂತಿತು. ಮುಂದೇನು ಬರುವುದೆಂಬುದು ಮರೆಯಾಯಿತು. ಹೀಗೆ ಮರೆಯಾದ ಜ್ಞಾನದಲ್ಲಿ ಒಂದಂಶವನ್ನು ಆಡುವವನಿಗೆ ಮರಳಿ ಕೊಡುವುದೇ ಮುನ್ನೋಟದ ಕಿಂಡಿ. ಎಷ್ಟನ್ನು ಮರಳಿ ಕೊಡಬೇಕು, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬುದರಲ್ಲಿಯೇ ಅದರ ಚರಿತ್ರೆಯೆಲ್ಲ ಅಡಗಿದೆ.

೩

ಎಲೆಕ್ಟ್ರೊನಿಕಾ-೬೦ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯಿರಲಿಲ್ಲ. ಕಾಯಿಯ ಚೌಕಗಳನ್ನು ಆವರಣ ಚಿಹ್ನೆಗಳಿಂದ ತೋರಿಸಬೇಕಾಗಿತ್ತು. ಆ ಆವೃತ್ತಿಯ ತೆರೆಯ ಮೇಲೆ ಮಣೆಯ ಪಕ್ಕದಲ್ಲಿ ರಷ್ಯನ್ ಭಾಷೆಯ ಸೂಚನೆಗಳ ಪಟ್ಟಿಯೊಂದಿದೆ. ಎಡಕ್ಕೆ, ಬಲಕ್ಕೆ, ತಿರುಗಿಸು, ಬೀಳಿಸು ಮುಂತಾದ ಆಜ್ಞೆಗಳಿಗೆ ಬೇರೆ ಬೇರೆ ಅಂಕಿಗಳ ಗುಂಡಿಗಳನ್ನು ಅಲ್ಲಿ ನಿಯಮಿಸಿದೆ. ಅವುಗಳೊಳಗೆ ೧ನೆಯ ಅಂಕಿಯ ಎದುರಿಗೆ ‘ಮುಂದಿನದನ್ನು ತೋರಿಸು’ ಎಂಬರ್ಥದ ಮಾತಿದೆ. ಶಾಸನದ ಒಂದು ಸಾಲಿನಿಂದ ಒಂದು ಪದ್ಧತಿಯ ಪ್ರಾಚೀನತೆ ತಿಳಿಯುವಂತೆ, ಈ ಒಂದು ಸಾಲಿನಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಮುನ್ನೋಟದ ಕಲ್ಪನೆ ಅನಂತರದ ವ್ಯಾಪಾರಿಗಳು ಸೇರಿಸಿದ ಅಂಗವಲ್ಲ, ಆಟದ ಮೂಲಾವಸ್ಥೆಗೇ ಸೇರಿದುದು ಎಂಬುದು ಒಂದು. ಅದು ತಾನಾಗಿಯೇ ಇರುತ್ತಿದ್ದುದಲ್ಲ, ಕೇಳಿದರೆ ಮಾತ್ರ ದೊರೆಯುತ್ತಿತ್ತು ಎಂಬುದು ಎರಡನೆಯದು.

ಆಟ ಮಾಸ್ಕೋ ನಗರದಿಂದ ಹೊರಬಂದ ಮೇಲೆ ಐದು ವರ್ಷಗಳೊಳಗಾಗಿ ಕಿಂಡಿಯ ಸ್ಥಿತಿ ತಲೆಕೆಳಗಾಯಿತು. ೧೯೮೯ರಲ್ಲಿ ನಿಂಟೆಂಡೋ ಸಂಸ್ಥೆ ತನ್ನ ಗೇಮ್‌ಬಾಯ್ ಎಂಬ ಕೈಯಂತ್ರಕ್ಕೂ ಮನೆಯ ದೂರದರ್ಶನಕ್ಕೆ ಜೋಡಿಸುವ ಎನ್‌ಇಎಸ್ ಯಂತ್ರಕ್ಕೂ ಟೆಟ್ರಿಸ್ ಆಟವನ್ನು ಹೊರತಂದಿತು. ಇವೆರಡರಲ್ಲಿಯೂ ಮುಂದಣ ಕಾಯಿ ಒಂದು, ಆಟ ಆರಂಭವಾದೊಡನೆಯೇ ಕಿಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬೇಡವೆನಿಸಿದವರು ‘ಸೆಲೆಕ್ಟ್’ ಎಂಬ ಗುಂಡಿಯನ್ನೊತ್ತಿ ಅದನ್ನು ಮರೆಮಾಡಬಹುದು. ಮರೆಮಾಡಿದವನಿಗೆ ಹೆಚ್ಚಿನ ಅಂಕವಿಲ್ಲ, ನೋಡಿದವನಿಗೆ ದಂಡವಿಲ್ಲ. ಮಾಸ್ಕೋವಿನಲ್ಲಿ ಕೇಳಿ ಪಡೆಯಬೇಕಾಗಿದ್ದುದು ಇಲ್ಲಿ ಬೇಡವೆಂದು ಹೇಳಿ ಬಿಡಬೇಕಾದುದಾಯಿತು. ಈ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಯಾವುದು ಸಹಜಸ್ಥಿತಿ, ಯಾವುದು ವಿಶೇಷ ಎಂಬ ಭಾವನೆ ಇಂತಹ ವ್ಯತ್ಯಾಸಗಳಿಂದಲೇ ರೂಪುಗೊಳ್ಳುತ್ತದೆ.

ನಮ್ಮ ನಾಡಿನಲ್ಲಿ ಅನೇಕರು ಈ ಕಿಂಡಿಯನ್ನು ಮೊದಲು ಕಂಡುದು ನಿಂಟೆಂಡೋ ಯಂತ್ರಗಳಲ್ಲಲ್ಲ. ೧೯೯೦ರ ದಶಕದಿಂದೀಚೆಗೆ ಜಾತ್ರೆಗಳಲ್ಲಿಯೂ ಆಟಿಕೆಯಂಗಡಿಗಳಲ್ಲಿಯೂ ‘ಬ್ರಿಕ್ ಗೇಮ್’ ಎಂಬ ಅಗ್ಗದ ಕೈಯಂತ್ರಗಳು ಮಾರಾಟವಾಗುತ್ತಿದ್ದುವು. ಅವುಗಳ ಬಲಬದಿಯಲ್ಲಿ ‘ನೆಕ್ಸ್ಟ್’ ಎಂಬ ಶಬ್ದದ ಬಳಿ ಮುಂದಣ ಕಾಯಿ ಮೂಡುತ್ತಿತ್ತು. ಪ್ರಕೃತ ಲೇಖಕನೂ ಬಾಲ್ಯದಲ್ಲಿ ಅದೇ ಯಂತ್ರದಲ್ಲಿ ಆಡಿದವನು. ಉದ್ದನೆಯ ಕಾಯಿಗೆ ನಾವು ‘ಕೋಲು’ ಎನ್ನುತ್ತಿದ್ದೆವು. ಕೋಲಿಗಾಗಿ ಅಂಚಿನಲ್ಲಿ ಒಂದು ಸಾಲು ಮನೆ ಖಾಲಿ ಬಿಟ್ಟು, ಇಳಿಯುತ್ತಿರುವುದನ್ನು ಮರೆತು ಆ ಮೂಲೆಯನ್ನೇ ನೋಡುತ್ತ ಕುಳಿತು ಆಟ ಕಳೆದುಕೊಂಡ ಅನುಭವ ಆ ಯಂತ್ರ ಹಿಡಿದ ಎಲ್ಲರಿಗೂ ಇದ್ದೀತು.

೪

ಕಿಂಡಿಗೆ ಬೆಲೆ ಕಟ್ಟಿದ ಉದಾಹರಣೆಯೊಂದನ್ನು ಈಗ ಎತ್ತಿಕೊಳ್ಳೋಣ. ಯೂನಿಕ್ಸ್ ಪರಂಪರೆಯ ಬಿಎಸ್‌ಡಿ ವ್ಯವಸ್ಥೆಗಳೊಡನೆ ಹಂಚಲಾಗುತ್ತಿರುವ ಟೆಟ್ರಿಸ್ ಆವೃತ್ತಿ ೧೯೮೯ರ ಒಂದು ಸ್ಪರ್ಧೆಗೆ ಬಂದ ಕೃತಿಯಿಂದ ಬೆಳೆದುದು. ದುರ್ಬೋಧವಾದ ಕ್ರಮವಿಧಿಗಳನ್ನು ಸಿ ಭಾಷೆಯಲ್ಲಿ ಬರೆಯುವ ಅಂತರರಾಷ್ಟ್ರೀಯ ಸ್ಪರ್ಧೆ ಅದು. ಆ ಕೃತಿಯನ್ನು ಕ್ರಿಸ್ ಟೊರೆಕ್ ಮತ್ತು ಡ್ಯಾರೆನ್ ಪ್ರೊವೈನ್ ಎಂಬವರು ಸುಬೋಧವಾಗಿ ಮಾರ್ಪಡಿಸಿದರು. ಅದರ ಕೈಪಿಡಿಯಲ್ಲಿ, ಮುಂದಣ ಆಕೃತಿಯನ್ನು ತೋರಿಸುವ ಭಾಗವನ್ನು ೧೯೯೯ರಲ್ಲಿ ಹ್ಯೂಬರ್ಟ್ ಫೈರರ್ ಸೇರಿಸಿದನೆಂದು ಸ್ಪಷ್ಟವಾಗಿ ನಮೂದಿಸಿದೆ. ಎಂದರೆ, ಹತ್ತು ವರ್ಷಗಳ ಕಾಲ ಈ ಶಾಖೆಯ ಆಟ ಕಿಂಡಿಯಿಲ್ಲದೆಯೇ ನಡೆಯಿತು.

ಸೇರಿಸಿದ ಮೇಲೆಯೂ ಕಿಂಡಿ ಮುಚ್ಚಿಯೇ ಇತ್ತು. ಆಟವನ್ನು ಆರಂಭಿಸುವಾಗ ಒಂದು ಸೂಚಕಾಕ್ಷರವನ್ನು ಬರೆದರೆ ಮಾತ್ರ ತೆರೆಯುತ್ತಿತ್ತು. ತೆರೆದುಕೊಂಡವನ ಅಂಕಗಳನ್ನು ಆಟದ ಕೊನೆಯಲ್ಲಿ ೦.೭೫ರಿಂದ ಗುಣಿಸಬೇಕೆಂದು ಕ್ರಮವಿಧಿಯಲ್ಲಿ ಬರೆದಿದೆ. ಆ ಸಂಖ್ಯೆಗೆ ಕೊಟ್ಟಿರುವ ಹೆಸರೇ ‘ದಂಡ’ ಎಂಬರ್ಥದ್ದು. ಮುಂದಿನ ಒಂದೇ ಒಂದು ಕಾಯಿಯನ್ನು ನೋಡುವ ಭಾಗ್ಯಕ್ಕೆ ಸಂಪಾದನೆಯ ಕಾಲುಭಾಗವನ್ನು ತೆರಬೇಕಾಯಿತು.

ಈ ದಂಡದ ಹಿಂದಿರುವ ಭಾವನೆ ಅನ್ಯಾಯವಾದುದೆಂದು ಹೇಳಲಾಗದು. ಆಟದ ಕಷ್ಟವೆಲ್ಲ ಅಜ್ಞಾನದಲ್ಲಿದೆ, ಮುಂದೇನೆಂದು ತಿಳಿಯದೆ ಇಡುವುದೇ ಜಾಣತನದ ಪರೀಕ್ಷೆ ಎಂದು ನಂಬಿದವನಿಗೆ ಕಿಂಡಿ ಒಂದು ರಿಯಾಯಿತಿಯಾಗಿ ಕಾಣುವುದು ಸಹಜ. ಅದನ್ನು ಪಡೆದವನೂ ಪಡೆಯದವನೂ ಒಂದೇ ಪಟ್ಟಿಯಲ್ಲಿ ಸಮನಾಗಿ ನಿಲ್ಲಬಾರದು. ಇದು ಮೊದಲನೆಯ ಅಭಿಪ್ರಾಯ. ಇದರ ಅತ್ಯಂತ ಸ್ಪಷ್ಟವಾದ ಲಿಖಿತ ರೂಪ ಈ ೦.೭೫ ಎಂಬ ಸಂಖ್ಯೆ.

೫

ಆದರೆ ಆ ಹೊತ್ತಿಗೆ ಬೇರೆ ಕಡೆಗಳಲ್ಲಿ ಕಾಲ ಮುಂದುವರಿದಿತ್ತು. ಟೆಟ್ರಿಸ್ ಆಟವನ್ನು ಅನುಸರಿಸಿ ಹುಟ್ಟಿದ ಇತರ ಬೀಳುವ ಕಾಯಿಗಳ ಆಟಗಳು ಕಿಂಡಿಯನ್ನು ಪ್ರಶ್ನಿಸದೆ ಸ್ವೀಕರಿಸಿದ್ದುವು. ೧೯೯೦ರ ‘ಕಾಲಮ್ಸ್’ ಆಟದಲ್ಲಿ ಮುಂದಣ ಮೂರು ರತ್ನಗಳ ಕಂಬ ಪಕ್ಕದಲ್ಲಿ ಕಾಣುತ್ತದೆ. ಅದೇ ವರ್ಷದ ‘ಡಾಕ್ಟರ್ ಮಾರಿಯೋ’ ಆಟದಲ್ಲಿ ಮುಂದಣ ಗುಳಿಗೆಯನ್ನು ವೈದ್ಯನೇ ಕೈಯಲ್ಲಿ ಹಿಡಿದು ನಿಂತಿರುತ್ತಾನೆ. ೧೯೯೪ರ ‘ಪುಯೊ ಪುಯೊ ತ್ಸೂ’ ಆಟದಲ್ಲಿ ಮುಂದಣ ಎರಡು ಜೋಡಿಗಳು ಕಾಣುತ್ತವೆ. ಒಂದು ಜೋಡಿ ಸಿಡಿದರೆ ಮತ್ತೊಂದು ಸಿಡಿಯುವಂತೆ ಸರಪಳಿ ಕಟ್ಟುವುದೇ ಆ ಆಟದ ಮರ್ಮ. ಮುಂದಿನದು ಕಾಣದೆ ಸರಪಳಿಯನ್ನು ಯೋಜಿಸುವುದು ದುಸ್ಸಾಧ್ಯ. ಇಲ್ಲಿ ಕಿಂಡಿ ಸಹಾಯದ ಮಟ್ಟವನ್ನು ದಾಟಿ ಆಟದ ಆಧಾರವಾಗಿ ನಿಂತಿದೆ.

ಟೆಟ್ರಿಸ್ ಶಾಖೆಯಲ್ಲಿ ೧೯೯೯ನೆಯ ಇಸವಿ ಮುಖ್ಯವಾದುದು. ನಿಂಟೆಂಡೋ-೬೪ ಯಂತ್ರಕ್ಕೆ ಬಂದ ‘ದಿ ನ್ಯೂ ಟೆಟ್ರಿಸ್’ ಆವೃತ್ತಿ ಮುಂದಣ ಮೂರು ಕಾಯಿಗಳನ್ನು ತೋರಿಸಿತು. ಇಳಿಯುತ್ತಿರುವ ಕಾಯಿಯನ್ನು ಪಕ್ಕದಲ್ಲಿ ತೆಗೆದಿರಿಸಿ ಬೇಕಾದಾಗ ಕರೆಸಿಕೊಳ್ಳುವ ಸೌಕರ್ಯವನ್ನೂ ಅದು ಕೊಟ್ಟಿತು. ಬಿಎಸ್‌ಡಿ ಆವೃತ್ತಿ ಒಂದು ಕಾಯಿಯ ದರ್ಶನಕ್ಕೆ ಕಾಲುಭಾಗ ದಂಡ ವಿಧಿಸಿದ ವರ್ಷವೇ ಇನ್ನೊಂದು ಆವೃತ್ತಿ ಮೂರು ಕಾಯಿಗಳನ್ನು ಬೆಲೆಯಿಲ್ಲದೆ ತೋರಿಸಿ, ನಾಲ್ಕನೆಯದನ್ನು ಕಾಯ್ದಿರಿಸಲು ಜಾಗವನ್ನೂ ಕೊಟ್ಟಿತು. ಒಂದೇ ವಿಷಯದಲ್ಲಿ ಎರಡು ಭಿನ್ನವಾದ ಸಂಪ್ರದಾಯಗಳು ಏಕಕಾಲದಲ್ಲಿ ಬಾಳುತ್ತಿದ್ದುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು.

ಅನಂತರದ ಬೆಳವಣಿಗೆ ಒಂದೇ ದಿಕ್ಕಿನಲ್ಲಿ ನಡೆಯಿತು. ೧೯೯೬ರಲ್ಲಿ ಪಜಿತ್ನೊವ್ ಮತ್ತು ಹೆಂಕ್ ರೋಜರ್ಸ್ ಸ್ಥಾಪಿಸಿದ ಟೆಟ್ರಿಸ್ ಕಂಪೆನಿ, ಪರವಾನಗಿ ಪಡೆದ ಆವೃತ್ತಿಗಳೆಲ್ಲವೂ ಅನುಸರಿಸಬೇಕಾದ ಮಾರ್ಗಸೂಚಿಯನ್ನು ರೂಪಿಸಿತು. ಮುಂದಣ ಕಾಯಿಗಳ ಪ್ರದರ್ಶನ ಅದರ ಅಂಗವಾಯಿತು. ಈಚಿನ ಆವೃತ್ತಿಗಳಲ್ಲಿ ಐದಾರು ಕಾಯಿಗಳು ಬಲಬದಿಯಲ್ಲಿ ಸಾಲಾಗಿ ನಿಂತಿರುವುದು ಸಾಮಾನ್ಯ.

ಇದರ ಜೊತೆಗೇ ಕಾಯಿಗಳನ್ನು ಆರಿಸುವ ವಿಧಾನವೂ ಬದಲಾಯಿತು. ಹಿಂದೆ ಪ್ರತಿಯೊಂದು ಕಾಯಿಯೂ ಹೆಚ್ಚುಕಡಿಮೆ ದಾಳ ಹಾಕಿದಂತೆ ಬರುತ್ತಿತ್ತು. ಎನ್‌ಇಎಸ್ ಆವೃತ್ತಿಯಲ್ಲಿ ಒಂದು ಸಣ್ಣ ತಡೆಯಿತ್ತು: ಹಿಂದಿನ ಕಾಯಿಯೇ ಮತ್ತೆ ಬಿದ್ದರೆ ಯಂತ್ರ ಇನ್ನೊಮ್ಮೆ ಆರಿಸುತ್ತಿತ್ತು, ಆದಕಾರಣ ಒಂದೇ ಕಾಯಿ ಬೆನ್ನು ಬೆನ್ನಿಗೆ ಬರುವ ಸಂಭವ ೭ರಲ್ಲಿ ಒಂದರಿಂದ ಸುಮಾರು ೨೮ರಲ್ಲಿ ಒಂದಕ್ಕೆ ಇಳಿದಿತ್ತು. ೨೦೦೧ರ ‘ಟೆಟ್ರಿಸ್ ವರ್ಲ್ಡ್ಸ್’ ಆವೃತ್ತಿಯಿಂದೀಚೆಗೆ ‘ಚೀಲ’ದ ಪದ್ಧತಿ ನೆಲೆಗೊಂಡಿತು. ಏಳು ಕಾಯಿಗಳನ್ನೂ ಒಂದು ಚೀಲದಲ್ಲಿ ಹಾಕಿ ಕಲಸಿ ಒಂದೊಂದಾಗಿ ತೆಗೆದಂತೆ ಅವು ಬರುತ್ತವೆ. ಚೀಲ ಬರಿದಾದ ಮೇಲೆ ಮತ್ತೆ ಏಳನ್ನು ತುಂಬುತ್ತಾರೆ. ಹೀಗಿರಲಾಗಿ, ಒಂದು ಕೋಲಿಗೂ ಮುಂದಿನ ಕೋಲಿಗೂ ನಡುವೆ ಹೆಚ್ಚೆಂದರೆ ೧೨ ಬೇರೆ ಕಾಯಿಗಳು ಬರಬಹುದು. ಚೀಲದಿಂದ ಆರು ಕಾಯಿಗಳು ಬಂದಿದ್ದರೆ ಏಳನೆಯದು ಯಾವುದೆಂಬುದು ಕಿಂಡಿಯಿಲ್ಲದೆಯೇ ಗೊತ್ತು. ಚೀಲದ ಪದ್ಧತಿಯೂ ಒಂದು ಬಗೆಯ ಮುನ್ನೋಟವೇ ಎಂದಾಯಿತು; ಕಿಂಡಿ ಕಣ್ಣಿಗೆ ತೋರಿಸುವುದನ್ನು ಅದು ಲೆಕ್ಕಕ್ಕೆ ತೋರಿಸುತ್ತದೆ.

೬

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಮುಂದಿನ ಐದಾರು ಕಾಯಿಗಳು ಕಂಡಮೇಲೆ ಆಟದಲ್ಲಿ ಉಳಿದುದೇನು? ಕಿಂಡಿ ಹಿಗ್ಗಿದಷ್ಟೂ ಆಟ ಸುಲಭವಾಗಿ, ಕೊನೆಗೆ ಸತ್ವಹೀನವಾಗುವುದಿಲ್ಲವೆ?

ಲೆಕ್ಕ ಹಾಕಿ ನೋಡಿದರೆ ಉತ್ತರ ಬೇರೆಯಾಗಿ ಬರುತ್ತದೆ. ಹತ್ತು ಮನೆ ಅಗಲದ ಬರಿದಾದ ಮಣೆಯಲ್ಲಿ ಓ ಕಾಯಿಯನ್ನು ೯ ಬಗೆಯಾಗಿ ಇಡಬಹುದು; ಐ, ಎಸ್, ಝಡ್ ಕಾಯಿಗಳಲ್ಲಿ ಒಂದೊಂದನ್ನು ೧೭ ಬಗೆಯಾಗಿ ಇಡಬಹುದು; ಟಿ, ಜೆ, ಎಲ್ ಕಾಯಿಗಳಲ್ಲಿ ಒಂದೊಂದನ್ನು ೩೪ ಬಗೆಯಾಗಿ ಇಡಬಹುದು. ಇಳಿಯುತ್ತಿರುವುದು ಎಲ್ ಆಗಿ ಕಿಂಡಿಯಲ್ಲಿ ಟಿ ಇದ್ದರೆ, ಎರಡನ್ನೂ ಕೂಡಿಸಿ ಯೋಚಿಸುವವನ ಮುಂದೆ ೩೪ನ್ನು ೩೪ರಿಂದ ಗುಣಿಸಿದಷ್ಟು, ಅಂದರೆ ೧,೧೫೬ ಮಾರ್ಗಗಳಿವೆ. ಇಂತಹ ಎರಡು ಕಾಯಿಗಳು ಕಿಂಡಿಯಲ್ಲಿ ಕಂಡರೆ ಮಾರ್ಗಗಳು ೩೯,೩೦೪. ಮೂರು ಕಂಡರೆ ೧೩,೩೬,೩೩೬. ಕಿಂಡಿ ಅಜ್ಞಾನವನ್ನು ಕಡಮೆ ಮಾಡುವಷ್ಟೇ ವೇಗವಾಗಿ ಆಲೋಚನೆಯ ಭಾರವನ್ನು ಹೆಚ್ಚಿಸುತ್ತದೆ.

ಗಣಿತಜ್ಞರು ಇದನ್ನು ಇನ್ನೂ ಮುಂದಕ್ಕೆ ಕೊಂಡೊಯ್ದಿದ್ದಾರೆ. ೨೦೦೨ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಎರಿಕ್ ಡಿಮೇನ್, ಸೂಸನ್ ಹೋಹೆನ್‌ಬರ್ಗರ್, ಡೇವಿಡ್ ಲಿಬೆನ್-ನೋವೆಲ್ ಎಂಬ ಮೂವರು, ಬರುವ ಕಾಯಿಗಳೆಲ್ಲವೂ ಮೊದಲಿನಿಂದ ಕೊನೆಯವರೆಗೆ ಆಡುವವನಿಗೆ ಗೊತ್ತಿವೆಯೆಂದೇ ಇಟ್ಟುಕೊಂಡು ವಿಚಾರಮಾಡಿದರು. ಕಿಂಡಿ ಅನಂತವಾಗಿ ತೆರೆದಿದೆ ಎಂದಂತೆ. ಆಗಲೂ, ಅತಿ ಹೆಚ್ಚು ಸಾಲುಗಳನ್ನು ತೆಗೆಯುವ ಮಾರ್ಗವನ್ನು ಕಂಡುಹಿಡಿಯುವ ಸಮಸ್ಯೆ ಗಣಕಶಾಸ್ತ್ರದ ಅತ್ಯಂತ ಕಠಿಣವಾದ ವರ್ಗವೊಂದಕ್ಕೆ ಸೇರುತ್ತದೆ ಎಂದು ಅವರು ಸಾಧಿಸಿದರು. ಮಣೆಯೂ ಕಾಯಿಗಳ ಪಟ್ಟಿಯೂ ದೊಡ್ಡವಾದಂತೆಲ್ಲ ಅದನ್ನು ಶೀಘ್ರವಾಗಿ ಬಿಡಿಸುವ ಸಾಮಾನ್ಯ ವಿಧಾನ ಯಾರಿಗೂ ದೊರೆತಿಲ್ಲ. ಹೈಡಿ ಬರ್ಗೀಲ್ ೧೯೯೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇನ್ನೊಂದು ಮಿತಿಯನ್ನು ತೋರಿಸಿದಳು. ಎಸ್ ಮತ್ತು ಝಡ್ ಕಾಯಿಗಳು ಒಂದಾದ ಮೇಲೊಂದರಂತೆ ಬರುತ್ತಲೇ ಇದ್ದರೆ, ಹೇಗೆ ಆಡಿದರೂ ೬೯,೬೦೦ ಕಾಯಿಗಳೊಳಗೆ ಆಟ ಮುಗಿಯಲೇಬೇಕು. ಬರುವುದು ಏನೆಂದು ತಿಳಿದಮಾತ್ರಕ್ಕೆ ಅದನ್ನು ತಪ್ಪಿಸಿಕೊಳ್ಳಲಾಗದು.

ಆಟದ ವೇಗ ಹೆಚ್ಚಿದಾಗ ಕಿಂಡಿಯ ಪಾತ್ರ ಮತ್ತಷ್ಟು ಸ್ಪಷ್ಟವಾಗುತ್ತದೆ. ಎನ್‌ಇಎಸ್ ಆವೃತ್ತಿಯ ೨೯ನೆಯ ಹಂತದಲ್ಲಿ ಕಾಯಿ ೨೦ ಸಾಲುಗಳನ್ನು ಸುಮಾರು ಮೂರನೆಯ ಒಂದು ಸೆಕೆಂಡಿನಲ್ಲಿ ಇಳಿಯುತ್ತದೆ. ಕಾಯಿ ಕಾಣಿಸಿಕೊಂಡ ಮೇಲೆ ಯೋಚಿಸಲು ಅವಕಾಶವಿಲ್ಲ. ಯೋಚನೆ ಅದು ಕಿಂಡಿಯಲ್ಲಿದ್ದಾಗಲೇ ಮುಗಿದಿರಬೇಕು. ೨೦೨೩ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ೧೩ ವರ್ಷದ ಬಾಲಕನೊಬ್ಬನು ಈ ಆವೃತ್ತಿಯನ್ನು ೧೫೭ನೆಯ ಹಂತದವರೆಗೆ ಆಡಿ, ಯಂತ್ರವೇ ಸ್ತಬ್ಧವಾಗುವಂತೆ ಮಾಡಿದನು. ಅವನಿಗೆ ದೊರೆತ ಮುನ್ನೋಟ ಒಂದೇ ಕಾಯಿಯದು. ಜಪಾನಿನ ಅರಿಕಾ ಸಂಸ್ಥೆ ೧೯೯೮ರಲ್ಲಿ ಆರಂಭಿಸಿದ ‘ಗ್ರ್ಯಾಂಡ್ ಮಾಸ್ಟರ್’ ಸರಣಿಯಲ್ಲಿ ಪರಮವೇಗವನ್ನು ಮುಟ್ಟಿದಾಗ ಕಾಯಿ ಇಳಿಯುವುದೇ ಇಲ್ಲ, ಹುಟ್ಟಿದೊಡನೆ ತಳದಲ್ಲಿರುತ್ತದೆ. ಅದಕ್ಕಾಗಿ ಕಾಯಿ ಮಣೆಗೆ ಬರುವ ಮೊದಲೇ ಗುಂಡಿಯನ್ನೊತ್ತಿ ಹಿಡಿದು, ತಿರುಗಿದ ಸ್ಥಿತಿಯಲ್ಲಿಯೇ ಅದನ್ನು ಬರಮಾಡಿಕೊಳ್ಳುವ ಏರ್ಪಾಡಿದೆ. ಕಿಂಡಿಯಲ್ಲಿ ಮೂಡುವ ಒಂದೊಂದು ಆಕೃತಿಗೂ ಒಂದೊಂದು ನಾದವನ್ನು ಗೊತ್ತುಮಾಡಿರುವುದರಿಂದ, ಕಣ್ಣು ಮಣೆಯ ಮೇಲಿದ್ದರೂ ಮುಂದಿನದು ಯಾವುದೆಂದು ಕಿವಿಗೆ ತಿಳಿಯುತ್ತದೆ.

ಆದುದರಿಂದ ಮೇಲ್ಕಂಡ ಆಕ್ಷೇಪಣೆ ನಿಲ್ಲುವುದಿಲ್ಲ. ಕಿಂಡಿಯಿಂದ ಆಟದ ಕಷ್ಟ ಅಳಿಯಲಿಲ್ಲ. ತನ್ನ ನೆಲೆಯನ್ನು ಬದಲಾಯಿಸಿತು. ನಮ್ಮ ಹಳೆಯ ಆಟಗಳ ಮಾತಿನಲ್ಲಿ ಹೇಳುವುದಾದರೆ, ಪಗಡೆಯ ಪಕ್ಕದಲ್ಲಿ ಹುಟ್ಟಿದ ಆಟ ಚದುರಂಗದ ಕಡೆಗೆ ಸರಿಯಿತು. ದಾಳ ಬಿದ್ದ ಮೇಲೆ ಕಾಯಿ ನಡೆಸುವುದು ಒಂದು ವಿದ್ಯೆ. ಮಣೆಯೆಲ್ಲ ಕಣ್ಣ ಮುಂದಿರುವಾಗ ದಾರಿ ಹುಡುಕುವುದು ಇನ್ನೊಂದು ವಿದ್ಯೆ. ಎರಡರಲ್ಲಿಯೂ ಸೋಲುಂಟು. ಆದರೆ ಮೊದಲನೆಯದರಲ್ಲಿ ಸೋತವನು ದಾಳವನ್ನು ದೂರಬಹುದು, ಎರಡನೆಯದರಲ್ಲಿ ಸೋತವನಿಗೆ ಆ ಅನುಕೂಲವಿಲ್ಲ.

೭

ಈಗ ಎರಡನೆಯ ಅಭಿಪ್ರಾಯಕ್ಕೆ ಬರೋಣ. ‘ಮಿನೊ’ ಎಂಬ ಹೆಸರಿನಲ್ಲಿ ಟೆಟ್ರಿಸ್ ಆಟವನ್ನು ಅನುಕರಿಸಿ ಐಫೋನಿಗೆ ಹೊರತಂದ ಕ್ಸಿಯೊ ಎಂಬ ಸಂಸ್ಥೆಯ ಮೇಲೆ ಟೆಟ್ರಿಸ್ ಹಕ್ಕುದಾರರು ಹೂಡಿದ ದಾವೆ ೨೦೧೨ರ ಮೇ ತಿಂಗಳಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಲ್ಲಾ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಆಟದ ನಿಯಮಗಳಿಗೆ ಕೃತಿಸ್ವಾಮ್ಯವಿಲ್ಲ, ಆದಕಾರಣ ನಿಯಮಗಳನ್ನು ನಕಲು ಮಾಡಿದುದು ತಪ್ಪಲ್ಲ ಎಂಬುದು ಪ್ರತಿವಾದಿಯ ಪಕ್ಷ. ನಿಯಮಕ್ಕೂ ಅಭಿವ್ಯಕ್ತಿಗೂ ಇರುವ ಗಡಿಯನ್ನು ನ್ಯಾಯಾಲಯ ಗುರುತಿಸಬೇಕಾಯಿತು. ಮಣೆಯ ಅಳತೆ, ಕಾಯಿ ಎಲ್ಲಿ ಬೀಳುವುದೆಂದು ತೋರಿಸುವ ನೆರಳು, ಕಾಯಿ ಕೂತಾಗ ಬಣ್ಣ ಬದಲಾಗುವುದು ಇವುಗಳ ಜೊತೆಯಲ್ಲಿ ಮುಂದಣ ಕಾಯಿಯ ಪ್ರದರ್ಶನವನ್ನೂ ಎಣಿಸಿ, ಇವೆಲ್ಲವೂ ಅಭಿವ್ಯಕ್ತಿಗೆ ಸೇರಿದುವು, ನಿಯಮಕ್ಕೆ ಸೇರಿದುವಲ್ಲ ಎಂದು ನ್ಯಾಯಾಧೀಶೆ ಫ್ರೀಡಾ ವುಲ್ಫ್‌ಸನ್ ತೀರ್ಪಿತ್ತರು. ತೀರ್ಪು ಹಕ್ಕುದಾರರ ಪರವಾಯಿತು.

ಕಾನೂನಿನ ದೃಷ್ಟಿಯಿಂದ ಈ ತೀರ್ಪಿನ ಸಾಧುತ್ವವನ್ನು ವಿಮರ್ಶಿಸುವುದು ಇಲ್ಲಿಯ ಉದ್ದೇಶವಲ್ಲ. ಅನುಕರಣೆ ಇಡಿಯಾಗಿ ನಡೆದಿತ್ತೆಂಬುದರಲ್ಲಿ ಸಂಶಯವಿಲ್ಲ. ಕಿಂಡಿಯ ಸ್ಥಾನ, ಚೌಕಟ್ಟು, ಬಣ್ಣ ಇವು ಅಭಿವ್ಯಕ್ತಿಯೆಂಬುದನ್ನೂ ಒಪ್ಪಬಹುದು. ಆದರೆ ಮುಂದಣ ಕಾಯಿಯನ್ನು ತೋರಿಸುವ ಕ್ರಿಯೆಯನ್ನು ನೆರಳಿನ, ಬಣ್ಣದ ಪಂಕ್ತಿಯಲ್ಲಿ ಕೂರಿಸುವುದು ಚರಿತ್ರೆಗೆ ಹೊಂದುವುದಿಲ್ಲ. ನೆರಳು ತೋರಿಸುವುದು ಆಡುವವನಿಗೆ ಮಣೆಯನ್ನು ನೋಡಿಯೇ ತಿಳಿಯಬಹುದಾದುದನ್ನು. ಕಿಂಡಿ ತೋರಿಸುವುದು ಬೇರೆ ಯಾವ ವಿಧದಿಂದಲೂ ತಿಳಿಯಲಾಗದುದನ್ನು. ಬಣ್ಣ ತೆಗೆದರೆ ಆಟ ಸಪ್ಪೆಯಾದೀತು. ಕಿಂಡಿ ಮುಚ್ಚಿದರೆ ಆಟವೇ ಬೇರೆಯಾಗುತ್ತದೆ.

ಇದಕ್ಕೆ ಇನ್ನೊಂದು ಸಾಕ್ಷ್ಯವುಂಟು. ೨೦೧೦ರಲ್ಲಿ ‘ಹೇಟೆಟ್ರಿಸ್’ ಎಂಬ ಆವೃತ್ತಿ ಹುಟ್ಟಿತು. ಇದರಲ್ಲಿ ಕಾಯಿಗಳು ಯಾದೃಚ್ಛಿಕವಾಗಿ ಬರುವುದಿಲ್ಲ. ಮಣೆಯ ಸ್ಥಿತಿಯನ್ನು ನೋಡಿ, ಆ ಕ್ಷಣದಲ್ಲಿ ಆಡುವವನಿಗೆ ಅತ್ಯಂತ ಪ್ರತಿಕೂಲವಾದ ಕಾಯಿ ಯಾವುದೋ ಅದನ್ನೇ ಯಂತ್ರ ಕಳುಹಿಸುತ್ತದೆ. ಈ ಆವೃತ್ತಿಗೆ ಕಿಂಡಿಯಿಲ್ಲ; ಇರುವುದು ಸಾಧ್ಯವೂ ಇಲ್ಲ. ಮುಂದಿನ ಕಾಯಿಯನ್ನು ತೋರಿಸಿಬಿಟ್ಟ ಯಂತ್ರ, ಆಡುವವನು ಈಗಿನದನ್ನು ಎಲ್ಲಿಟ್ಟನೆಂದು ನೋಡಿದ ಮೇ‍ಲೆ ಮನಸ್ಸು ಬದಲಾಯಿಸುವಂತಿಲ್ಲ. ಕಿಂಡಿಯಲ್ಲಿ ಕಾಯಿ ಮೂಡಿತೆಂದರೆ ಯಂತ್ರ ಮಾತು ಕೊಟ್ಟಿತು ಎಂದರ್ಥ. ಮೂರು ಕಾಯಿಗಳನ್ನು ತೋರಿಸಿದರೆ ಮೂರರ ಮಟ್ಟಿಗೆ ಮಾತಿಗೆ ಕಟ್ಟುಬಿದ್ದಂತೆ. ಎದುರಾಳಿಯ ಕೈಯನ್ನು ಕಟ್ಟುವ ಇಂತಹ ಏರ್ಪಾಡನ್ನು ನಿಯಮವೆಂದು ಕರೆಯದೆ ಬೇರೆ ಏನೆಂದು ಕರೆಯಬೇಕು? ಮಾಸ್ಕೋವಿನ ತೆರೆಯ ಮೇಲಿನ ೧ನೆಯ ಅಂಕಿಯ ಸೂಚನೆಯಿಂದ ಆರಂಭವಾಗಿ ಇಂದಿನ ಮಾರ್ಗಸೂಚಿಯವರೆಗೆ ನಡೆದಿರುವುದು, ಕೇಳಿ ಪಡೆಯುವ ಅನುಗ್ರಹವೊಂದು ಕ್ರಮೇಣ ಇಬ್ಬರಿಗೂ ಬಾಧ್ಯವಾದ ಕಟ್ಟಳೆಯಾದ ಪ್ರಕ್ರಿಯೆ ಎಂದು ನಿರ್ಣಯಿಸಬಹುದಾಗಿದೆ.

೮

ಕೊನೆಯದಾಗಿ, ಚರಿತ್ರೆಯ ವಿದ್ಯಾರ್ಥಿಗಳಿಗೆ ಸಂಬಂಧಪಟ್ಟ ಒಂದು ಮಾತನ್ನು ಸೂಚಿಸಬಯಸುತ್ತೇನೆ. ಇದೇ ಆಟದ ವ್ಯಾಜ್ಯದ ಕಥೆಯಲ್ಲಿ ಅದಕ್ಕೆ ನಿದರ್ಶನವಿದೆ. ೧೯೮೯ರ ಫೆಬ್ರವರಿಯಲ್ಲಿ, ಸೋವಿಯತ್ ಸರ್ಕಾರದ ಎಲೋರ್ಗ್ ಸಂಸ್ಥೆ, ಪಶ್ಚಿಮ ದೇಶಗಳಲ್ಲಿ ಆಟದ ಹಕ್ಕುಗಳನ್ನು ಮಾರಿದ್ದ ರಾಬರ್ಟ್ ಸ್ಟೈನ್ ಎಂಬವನ ಮುಂದೆ ತಿದ್ದುಪಡಿಯಾದ ಕರಾರನ್ನು ಇರಿಸಿತು. ಅದರಲ್ಲಿ ಹಣ ಸಲ್ಲಿಸುವುದು ತಡವಾದರೆ ತೆರಬೇಕಾದ ದಂಡದ ವಿಚಾರವಿತ್ತು. ಜೊತೆಗೆ ‘ಗಣಕಯಂತ್ರ’ ಎಂದರೆ ಸಂಸ್ಕಾರಕ, ತೆರೆ, ತಟ್ಟೆಚಾಲಕ, ಕೀಲಿಮಣೆ, ಕಾರ್ಯವ್ಯವಸ್ಥೆ ಇವುಗಳುಳ್ಳ ಯಂತ್ರ ಎಂಬ ಒಂದು ಲಕ್ಷಣವಾಕ್ಯವಿತ್ತು. ಸ್ಟೈನನ ಗಮನ ದಂಡದ ಕಡೆಗಿತ್ತು. ಅವನು ಸಹಿ ಮಾಡಿದನು. ಕೀಲಿಮಣೆಯಿಲ್ಲದ ಮನೆಯಂತ್ರಗಳ ಮತ್ತು ಕೈಯಂತ್ರಗಳ ಹಕ್ಕುಗಳು ಆ ಒಂದು ವಾಕ್ಯದಿಂದ ಅವನ ಕೈಬಿಟ್ಟುವು. ಅವು ನಿಂಟೆಂಡೋ ಸಂಸ್ಥೆಗೆ ದೊರೆತುವು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ನ್ಯಾಯಾಲಯವೂ ನಿಂಟೆಂಡೋ ಪರವಾಗಿ ತೀರ್ಪಿತ್ತಿತು.

ಈ ಪ್ರಸಂಗವನ್ನು ಓದಿದವರೆಲ್ಲರೂ ಸ್ಟೈನನ ಅಜಾಗ್ರತೆಗೆ ಆಶ್ಚರ್ಯಪಡುತ್ತಾರೆ. ನಾವು ಓದುವುದು ಕಿಂಡಿ ತೆರೆದಿರುವಾಗ. ಗೇಮ್‌ಬಾಯ್ ಕೋಟಿಗಟ್ಟಲೆ ಮಾರಾಟವಾಗುವುದೆಂಬುದು ನಮ್ಮ ಬಲಬದಿಯಲ್ಲಿ ಮೊದಲೇ ಮೂಡಿ ನಿಂತಿದೆ. ಆ ಕೊಠಡಿಯಲ್ಲಿ ಕುಳಿತವನ ಎದುರಿಗೆ ಇದ್ದುದು ಇಳಿಯುತ್ತಿದ್ದ ಕಾಯಿ ಒಂದೇ: ಬಾಕಿ ಹಣ ಮತ್ತು ಅದರ ದಂಡ. ಕಂಡ ಕಾಯಿಯನ್ನು ಅವನು ಕಂಡಷ್ಟಕ್ಕೆ ಸರಿಯಾಗಿಯೇ ಇರಿಸಿದನು. ಗೇಮ್‌ಬಾಯ್ ಆ ಹೊತ್ತಿಗೆ ಇನ್ನೂ ಮಾರುಕಟ್ಟೆಗೇ ಬಂದಿರಲಿಲ್ಲ.

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಗತಕಾಲದ ಅರಸರನ್ನೂ ಮಂತ್ರಿಗಳನ್ನೂ ದೂರದೃಷ್ಟಿಯಿಲ್ಲದವರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ವಾಕ್ಯಗಳನ್ನು ನಾನು ಪ್ರತಿವರ್ಷವೂ ತಿದ್ದುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಅಂತಹ ವಾಕ್ಯಗಳನ್ನು ಬರೆದವನೇ. ಒಬ್ಬನ ನಡೆಯನ್ನು ಅಳೆಯುವ ಮೊದಲು, ಅವನ ಕಿಂಡಿಯಲ್ಲಿ ಆ ಹೊತ್ತಿಗೆ ಎಷ್ಟು ಕಾಣುತ್ತಿತ್ತು ಎಂಬುದನ್ನು ದಾಖಲೆಗಳಿಂದ ನಿರ್ಧರಿಸಿಕೊಳ್ಳಬೇಕು. ಬಿಎಸ್‌ಡಿ ಆವೃತ್ತಿಯ ಕರ್ತೃಗಳು ಮುಂದಿನದನ್ನು ನೋಡಿ ಆಡಿದವನ ಅಂಕಗಳಿಂದ ಕಾಲುಭಾಗವನ್ನು ಕಳೆದರು. ಆಟದ ಮಟ್ಟಿಗೆ ಆ ದಂಡ ಈಗ ಬಳಕೆ ತಪ್ಪಿದ ಭಾವನೆಯ ಕುರುಹು. ನಡೆದುಹೋದುದರ ಮುಂದಣ ಕಾಯಿಗಳನ್ನೆಲ್ಲ ಕಂಡು ತೀರ್ಪು ಹೇಳುವ ನಮ್ಮ ಕಸುಬಿನಲ್ಲಿ ಮಾತ್ರ, ಅಷ್ಟನ್ನಾದರೂ ನಾವೇ ಕಳೆದುಕೊಳ್ಳುವುದು ನ್ಯಾಯವೆಂದು ತೋರುತ್ತದೆ.